ಅತ್ತೆಯವರ ಕೈ ಮತ್ತು ಕಬ್ಬಿನ ಗಾಣ

ಟೌರಂಗಾ
12 ಜುಲೈ 2015

ರುದ್ರೇಶನ ಅಪ್ಪನವರಿಗೆ ಮಲ್ಲವ್ವನ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಬಿ.ಪಿ. ಗುಳಿಗೆ ತಪ್ಪಿಸಬೇಡಿ. ನೀವು ಉಪ್ಪಿನಕಾಯಿ ಭರಣಿಗೆ ಕೈ ಹಾಕುವುದು ನನಗೆ ಇಲ್ಲಿಂದಲೂ ಕಾಣುತ್ತದೆ. ಈ ಪರದೇಶದಲ್ಲಿ ಜುಲೈ ಎಂದರೆ ಚಳಿಗಾಲ, ಎರಡು ಜೊತೆ ಸಾಕ್ಸ್ ಹಾಕಿಕೊಂಡು ಸೊಸೆ ಶ್ರೀಲಕ್ಷ್ಮಿಯ ಬಾಣಂತನ ಮಾಡುತ್ತಿದ್ದೇನೆ. ಕೂಸಿನ ವಿಷಯ ತೆಗೆದರೆ ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಕಾಗದ.

ಕೂಸು ಹಾಲು ಕುಡಿಯುತ್ತಿದೆ. ಸೀಳು ತುಟಿಯಾದ್ದರಿಂದ ಬೇರೆ ಥರದ ಬಾಟಲಿ ಕೊಟ್ಟಿದ್ದಾರೆ, ಮೆಲ್ಲಗೆ ಹಿಂಡಿ ಕುಡಿಸಬೇಕು. ತುಟಿಗೆ ಮುಂದೆ ಆಪರೇಶನ್ ಮಾಡುತ್ತಾರೆ. ಎರಡೂ ಕೈಯಲ್ಲಿ ನಡುಬೆರಳಿಲ್ಲ. ಆದರೂ ನೀರು ಎರೆಯುವಾಗ ನನ್ನ ಸೆರಗು ಹಿಡಿದರೆ ಬಿಡಿಸುವುದು ಕಷ್ಟ. ಹಟದಲ್ಲಿ ನಿಮ್ಮ ಮೊಮ್ಮಗಳೇ ಸರಿ.

ಮೊನ್ನೆ ವಂಶದಿಂದ ಬರುವ ತೊಂದರೆ ನೋಡುವ ಡಾಕ್ಟರಮ್ಮನ ಹತ್ತಿರ ಎಲ್ಲರೂ ಹೋಗಿದ್ದೆವು. ರುದ್ರೇಶನ ಕಾಲಲ್ಲಿ ಕೂಡಿದ ಬೆರಳುಗಳನ್ನು ನಾವು ಅದೃಷ್ಟ ಎನ್ನುತ್ತಿದ್ದೆವಲ್ಲ, ಅದನ್ನೇ ಬಹಳ ಹೊತ್ತು ನೋಡಿದರು. ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದಾಗ, ಮದುವೆಯಾದ ಹೊಸದರಲ್ಲಿ ನೀವು ಹೇಳಿದ್ದನ್ನೇ ಹೇಳಿದೆ, ರುದ್ರೇಶ ಅವರ ಭಾಷೆಗೆ ತಿರುಗಿಸಿದ: "ನಮ್ಮತ್ತಿಯವರ ಕೈ ಹಿಂಗ ಇತ್ತರೀ, ಆದ್ರ ಅದು ಕಬ್ಬಿನ ಗಾಣಕ್ಕ ಸಿಕ್ಕಿದ್ದು." ಯಾವ ಬೆರಳು ಎಂದರು. ನಡುಬೆರಳು, ಎರಡೂ ಕೈಯದು. ಅವರ ತುಟಿಯೂ ಸೀಳಿತ್ತೇ ಎಂದರು. ಅದೂ ಗಾಣದ್ದೇ ಎನ್ನಲು ಹೋಗಿ ಕೂಸಿನ ತುಟಿ ನೋಡಿದೆ. ಕಬ್ಬೇ ಬೆಳೆಯದ ನಮ್ಮೂರಿಗೆ ಗಾಣ ಎಲ್ಲಿಂದ ಬಂತೆಂದು ಇಷ್ಟು ವರ್ಷ ನಾನೂ ಕೇಳಲಿಲ್ಲ ನೋಡಿ.

ಒಂದೇ ಮನೆತನದಲ್ಲಿ ಇದು ಒಬ್ಬರಲ್ಲಿ ಕಾಲ್ಬೆರಳಿಗೇ ನಿಂತು, ಇನ್ನೊಬ್ಬರಲ್ಲಿ ಕೈಗೂ ತುಟಿಗೂ ಬರುತ್ತದಂತೆ. ಯಾರ ತಪ್ಪೂ ಅಲ್ಲವಂತೆ. ರಕ್ತ ಪರೀಕ್ಷೆಗೆ ಹೋಗಿದೆ, ಆದರೆ ಡಾಕ್ಟರಮ್ಮನಿಗೆ ಅನುಮಾನವಿಲ್ಲ: ಇದು ನಮ್ಮ ಮನೆಯದು, ಸೊಸೆಯ ತವರಿನದಲ್ಲ. ಗಾಣದ ಕಥೆ ನಿಮಗೆ ಹಿರಿಯರು ಹೇಳಿದ್ದೋ, ನೀವೇ ಕಟ್ಟಿದ್ದೋ, ನಾನು ಕೇಳುವುದಿಲ್ಲ. ಆದರೆ "ಮೈಸೂರ ಕಡೇದವರು, ಅವರ ಮನಿತನದಾಗ ಏನೈತೋ ಏನೋ" ಎಂದು ನೀವು ಫೋನಿನಲ್ಲಿ ಅಂದದ್ದು ಶ್ರೀಲಕ್ಷ್ಮಿಯ ಕಿವಿಗೆ ಬಿತ್ತು. ಅಂದಿನಿಂದ ಯಾರಾದರೂ ಬಂದರೆ ಸಾಕು, ಕೂಸಿನ ಕೈಗೆ ಗವಸು ಹಾಕಿಬಿಡುತ್ತಾಳೆ. ಅವರು ಹೋದ ಮೇಲೆ ನಾನೇ ಬಿಚ್ಚುತ್ತೇನೆ. ಅಂಥ ಕೈಯಿಂದಲೇ ಅತ್ತೆಯವರು ತಟ್ಟಿದ ರೊಟ್ಟಿ ತಿಂದು ನೀವು ಬೆಳೆದಿರಿ; ಅಷ್ಟು ತೆಳ್ಳಗೆ ತಟ್ಟುವುದು ನನಗೆ ಇಂದಿಗೂ ಬಂದಿಲ್ಲ.

ಓಣಿಯ ಹಿರಿಯರಿಗೆ ಶರಣು, ಪಕ್ಕದ ಮನೆಯ ಚನ್ನಬಸಪ್ಪನ ಮಕ್ಕಳಿಗೆ ಆಶೀರ್ವಾದ ತಿಳಿಸಿ. ಮೈ ಜೋಪಾನ.

ನಿಮ್ಮ
ಮಲ್ಲವ್ವ

ತಾ.ಕ.: ರುದ್ರೇಶ ಪೋಸ್ಟಿಗೆ ಹೊರಟು ಕಾರು ಶುರು ಮಾಡಿದ್ದಾನೆ. "ನಮ್ಮವ್ವನ ಹೆಸರು ಆ ಕೂಸಿಗೆ ಬ್ಯಾಡ" ಎಂದಿದ್ದಿರಿ. ನಿನ್ನೆ ತೊಟ್ಟಿಲಿಗೆ ಹಾಕಿದಾಗ ಶ್ರೀಲಕ್ಷ್ಮಿಯೇ ಹಟ ಹಿಡಿದು ಆ ಹೆಸರೇ ಇಟ್ಟಳು, ನೀಲಗಂಗಾ ಎಂದು. ಕಾಗದ ಮುಟ್ಟಿದ ದಿನವೇ ಫೋನ್ ಮಾಡಿ. ಶ್ರೀಲಕ್ಷ್ಮಿಯೇ ಎತ್ತುತ್ತಾಳೆ. ನಾನು ಎತ್ತುವುದಿಲ್ಲ.