ಕೊನೆಯವಳು ಬರುವ ತನಕ ಸಾವಧಾನ

ಹಾಲಗೊಂಡನಕೊಪ್ಪದ ಹಳೆ ಮೈದಾನದಿಂದ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರಾ ಐವತ್ತೊಂಬತ್ತು

ನನ್ನ ಮುತ್ತಜ್ಜಿ ನೀಲಾಂಬಿಕಾಗೆ ಗಂಗಮಾಳವ್ವ ಮಾಡುವ ನಮಸ್ಕಾರ, ಮತ್ತು ಆಶೀರ್ವಾದ. ಎರಡನ್ನೂ ತಗೋ. ಸಂಬಂಧದಲ್ಲಿ ನೀನು ಹಿರಿಯಳು. ಆದರೆ ಈ ಕಾಗದ ನಿನ್ನ ಕೈ ಸೇರುವಾಗ ನಿನಗೆ ಹದಿನಾಲ್ಕು, ನನಗೆ ಎಪ್ಪತ್ತೆಂಟು. ಯಾರು ಯಾರ ಕಾಲಿಗೆ ಬೀಳಬೇಕೆಂದು ಹಿಂದೋಲೆ ಕಚೇರಿಯವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಹಿಂದೋಲೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಜನ್ಮಕ್ಕೆ ಒಂದೇ ಕೊಡುತ್ತಾರೆ. ಲಾಟರಿ ನಂಬರು, ಯಾರದೋ ಸಾವಿನ ದಿನ, ಇಂಥವನನ್ನು ಮದುವೆಯಾಗಬೇಡ ಎಂಬ ಬುದ್ಧಿಮಾತು, ಇಂಥದ್ದೇನಾದರೂ ಬರೆದರೆ ಕತ್ತರಿಸಿ ಹಾಕುತ್ತಾರೆ. ಫೆಬ್ರವರಿಯಲ್ಲಿ ಮೂವತ್ತು ಎಲ್ಲಿಂದ ಬಂತೆಂದು ನಗಬೇಡ. ಮನುಷ್ಯರನ್ನು ಸರಿಸಮ ಮಾಡಲಾಗದ ನಮ್ಮ ಕಾಲದ ದೊಡ್ಡವರು ತಿಂಗಳುಗಳನ್ನಾದರೂ ಸರಿಸಮ ಮಾಡಿ ಕೈತೊಳೆದುಕೊಂಡರು. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸು. ನಾನು ಊರ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಆದರೂ ನಮ್ಮ ಓಣಿಯಲ್ಲಿ ಕೈಯಿಂದ ಬರೆಯಲು ಬರುವುದು ನನಗೊಬ್ಬಳಿಗೇ. ಉಳಿದವರು ದೊಡ್ಡ ದೊಡ್ಡ ಓದು ಓದಿದ್ದಾರೆ, ಪೆನ್ನು ಕೊಟ್ಟರೆ ಕಿವಿ ಕೆರೆದುಕೊಳ್ಳುತ್ತಾರೆ.

ನಮ್ಮ ಊರು ಈಗ ಊರಿನಲ್ಲಿಲ್ಲ. ಬಿಸಿಲು ತಾಳಲಾರದೆ ಎಲ್ಲರೂ ನೆರಳೂರಿಗೆ ಹೋದೆವು. ಅದೊಂದು ದೊಡ್ಡ ಛಾವಣಿ; ಸುತ್ತಲಿನ ಹಳ್ಳಿಗಳೆಲ್ಲ ಅದರ ಕೆಳಗೆ ಒತ್ತಿಕೊಂಡಿವೆ. ಬೆಳಿಗ್ಗೆ ಗೋಡೆಯೊಳಗಿನ ಯಂತ್ರ ಜೋಳದ ರೊಟ್ಟಿ ಕೊಡುತ್ತದೆ. ಮುದುಕರ ಮನಸ್ಸಿಗೆ ಹಿತವಾಗಲೆಂದು ರೊಟ್ಟಿ ಬಡಿಯುವ ಸದ್ದನ್ನೂ ಮಾಡುತ್ತದೆ. ಒಂದು ದಿನ ಸದ್ದು ಬಂತು, ರೊಟ್ಟಿ ಬರಲಿಲ್ಲ. ಕೇಳೋಣವೆಂದು ಪಕ್ಕದ ಮನೆಯ ಬಾಗಿಲು ಬಡಿದರೆ ಅವರು ಹೆದರಿಬಿಟ್ಟರು. ಬಾಗಿಲು ಬಡಿಯುವುದು ಈಗ ಯಾರಿಗೂ ಗೊತ್ತಿಲ್ಲ. ಎಲ್ಲರ ಕಿವಿಯಲ್ಲೂ ಅವರವರದೇ ಮಾತು ಓಡುತ್ತಿರುತ್ತದೆ. ಸಾವಿರ ಜನರ ನಡುವೆ ಕೂತು ಇಡೀ ದಿನ ಬಾಯಿ ತೆರೆಯದೆ ಇರಬಹುದು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ಶಿಕ್ಷೆ ಬೇಕೇ?

ಮಕ್ಕಳು ಈಗಲೂ ಕೆಡೆಟ್‌ಗಳಾಗುತ್ತಾರೆ, ಇಲ್ಲವೆನ್ನಲಾರೆ. ಆದರೆ ಅದು ಕುಂತ ಕವಾಯತು. ಕುರ್ಚಿಯ ಮೇಲೆ ಕೂತು, ತಲೆಗೆ ಬೋಗುಣಿಯಂಥದ್ದೊಂದನ್ನು ಕವುಚಿಕೊಂಡು, ಮನಸ್ಸಿನಲ್ಲೇ ಎಡಗಾಲು ಬಲಗಾಲು ಹಾಕುತ್ತಾರೆ. ಬೂಟಿಗೆ ಧೂಳಿಲ್ಲ, ಅಂಗಿಗೆ ಬೆವರಿಲ್ಲ. ಪಕ್ಕದವರ ಹೆಸರು ಕೇಳಿದರೆ ಮಿಕಿಮಿಕಿ ನೋಡುತ್ತಾರೆ. ಸಾಲೇ ಇಲ್ಲದ ಮೇಲೆ ಪಕ್ಕ ಎಲ್ಲಿಂದ ಬಂತು, ಪಾಪ.

ಈಗ ನಿನ್ನ ಕತೆಯನ್ನೇ ನಿನಗೆ ಹೇಳುತ್ತೇನೆ. ಇದನ್ನು ಹೇಳಿದವಳೂ ನೀನೇ. ನಿನ್ನ ಬಾಯಲ್ಲಿ ಹಲ್ಲಿಲ್ಲದಾಗ, ನಾನು ನಿನ್ನ ತೊಡೆಯ ಮೇಲಿದ್ದಾಗ. ನಿನ್ನ ಲೆಕ್ಕಕ್ಕೆ ನಿನ್ನೆ ನಿಮ್ಮ ಸಾಲೆಯ ಮೈದಾನದಲ್ಲಿ ಕೆಡೆಟ್ ದಳದ ಮೊದಲ ಕವಾಯತು ನಡೆದಿದೆ. ನಿನಗೆ ಸಿಕ್ಕ ಬೂಟು ನಿನ್ನ ಕಾಲಿಗಿಂತ ದೊಡ್ಡದು. ಮುಂದೆ ಬಟ್ಟೆ ತುರುಕಿಕೊಂಡು ಚಟಕ್ ಪಟಕ್ ಎಂದು ಎಲ್ಲರಿಗಿಂತ ಹಿಂದೆ ಬರುತ್ತಿದ್ದೆ. ಉತ್ತರದ ಕಡೆಯಿಂದ ಬಂದ ಹವಾಲ್ದಾರ್ ಸಾಹೇಬರು ಎದೆಯುಬ್ಬಿಸಿ "ಸಾವಧಾನ್!" ಎಂದು ಕೂಗಿದರು. ಅವರ ಮಾತಿನಲ್ಲಿ ಅದಕ್ಕೆ ಸೆಟೆದು ನಿಲ್ಲು ಎಂದರ್ಥ. ನಮ್ಮ ಮಾತಿನಲ್ಲಿ? ಸಾಲಿನ ಹುಡುಗರೆಲ್ಲ ಹೆಗಲು ಇಳಿಬಿಟ್ಟು, ಉಸಿರುಬಿಟ್ಟು, ತಿರುಗಿ ನಿನ್ನ ದಾರಿ ನೋಡುತ್ತ ನಿಂತರು. ಸಾಹೇಬರು ಇನ್ನೂ ಜೋರಾಗಿ ಕೂಗಿದರು. ಹುಡುಗರು ಇನ್ನೂ ಸಡಿಲಾದರು. ಒಬ್ಬ ಕೂತೇಬಿಟ್ಟ. ಅಷ್ಟರಲ್ಲಿ ನೀನು ಬಂದು ಸೇರಿಕೊಂಡು ಹೇಳಿದ್ದು ಇಡೀ ಜಿಲ್ಲೆಗೆ ಹಬ್ಬಿತು:

"ಸರ, ನೀವ ಸಾವಧಾನ ಅಂದ್ರಿ. ಅದಕ್ಕ ಅವ್ರು ಸಾವಕಾಶ ನಿಂತಾರ್ರಿ. ತಪ್ಪೇನೈತ್ರಿ?"

ಸಾಹೇಬರು ಟೋಪಿ ತೆಗೆದು ಬಹಳ ಹೊತ್ತು ನಕ್ಕರಂತೆ. ಆಮೇಲೆ ಸೆಟೆಯುವುದನ್ನೂ ಕಲಿಸಿದರು. ಆದರೆ ಕವಾಯತಿನ ಕೊನೆಗೆ ಒಂದು ಸಲ "ಈಗ ನಿಮ್ಮ ಸಾವಧಾನ್" ಎಂದು ಕೂಗುವ ವಾಡಿಕೆ ಇಟ್ಟುಕೊಂಡರು. ಅದನ್ನು ಕೂಗಿದ ಮೇಲೆ ಕೊನೆಯ ಕೆಡೆಟ್ ಬಂದು ನಿಲ್ಲುವ ತನಕ ಸಾಲು ಮುರಿಯುವಂತಿಲ್ಲ, ಬಾವುಟ ಇಳಿಸುವಂತಿಲ್ಲ, ತಿನ್ನಲು ಗಿರ್ಮಿಟ್ ಹಂಚುವಂತಿಲ್ಲ. ಬೇರೆ ಊರಿನ ದಳದವರು ನಮ್ಮನ್ನು ಸಾವಕಾಶದ ಪಲ್ಟನ್ ಎಂದು ಆಡಿಕೊಂಡರು.

ನನ್ನ ಹರೆಯದಲ್ಲಿ ಹಳ್ಳ ಉಕ್ಕಿ ಕೆಳಗಿನ ಕೇರಿಗೆ ನೀರು ನುಗ್ಗಿದ ದಿನ ಅವರ ಬಾಯಿ ಮುಚ್ಚಿತು. ಕೆಡೆಟ್‌ಗಳು ಹಗ್ಗ ಹಿಡಿದು ಸೇತುವೆಯ ಮೇಲೆ ಸಾಲಾಗಿ ನಿಂತಿದ್ದೆವು. ಮೇಲಿನವರು "ಓಡ್ರಿ, ಬಿಟ್ಟು ಓಡ್ರಿ" ಎಂದು ಕೂಗುತ್ತಿದ್ದರು. ಹಗ್ಗದ ತುದಿಯಲ್ಲಿದ್ದ ನನ್ನ ಗೆಳತಿ ದಾವಲಬಿ ಅವರಿಗಿಂತ ಜೋರಾಗಿ "ಸಾವಧಾನ್!" ಎಂದಳು. ಒಬ್ಬರೂ ಕದಲಲಿಲ್ಲ. ಎಲ್ಲರಿಗಿಂತ ಹಿಂದೆ ಒಬ್ಬ ಮುದುಕ ತನ್ನ ಆಡನ್ನು ಹೊತ್ತುಕೊಂಡು ಬರುತ್ತಿದ್ದ. ಅವನು ದಾಟಿದ, ನಾವು ದಾಟಿದೆವು, ಸೇತುವೆ ಹೋಯಿತು. ನಾನು ಎತ್ತಿಕೊಂಡ ಆಡು ಮಾತ್ರ ದಾರಿಯುದ್ದಕ್ಕೂ ನನ್ನನ್ನೇ ಒದೆಯಿತು.

ಆಮೇಲೆ ಊರು ಖಾಲಿಯಾಯಿತು, ದಳವೂ ಕರಗಿತು. ಆದರೂ ದಳ ಹುಟ್ಟಿದ ದಿನ ಬಿಸಿಲೇರುವ ಮುಂಚೆ ಈ ಮೈದಾನಕ್ಕೆ ಬಂದು ಬಾವುಟ ಏರಿಸುವುದನ್ನು ನಾನು, ದಾವಲಬಿ ಬಿಟ್ಟಿರಲಿಲ್ಲ. ಸಾಲು ಎನ್ನಿಸಿಕೊಳ್ಳಲು ಇಬ್ಬರಾದರೂ ಬೇಕೆಂಬುದು ಮೇಲಿನವರ ಕಾನೂನು. ನಾವು ಸರಿಯಾಗಿ ಇಬ್ಬರಿದ್ದೆವು. ಅವಳಿಗೆ ಮೊಣಕಾಲು ನೋವು. ನಾನು ಸಾವಧಾನ್ ಕೂಗಿ ಕಾಯುತ್ತಿದ್ದೆ. ಅವಳು ದೂರದಿಂದಲೇ ಶುರು ಮಾಡುತ್ತಿದ್ದಳು.

"ಏನಬೇ ಗಂಗಿ, ನಾ ಸಾಯೂ ಮಟಾ ಕಾಯ್ತಿಯೇನ?"

"ಕಾಯೂದ ನಮ್ಮ ಕವಾಯತಲ್ಲೇನ? ಬಾಯಿ ಕಡಿಮಿ ಮಾಡಿ ಕಾಲು ಹಾಕು."

ಕಳೆದ ಮಳೆಗಾಲದಲ್ಲಿ ದಾವಲಬಿ ಹೋದಳು. ಜಗಳಕ್ಕೂ ಜನ ಇಲ್ಲದಂತಾಯಿತು ನನಗೆ.

ಕಳೆದ ವಾರ ಮೇಜರ್ ಬಾಯಿಯೊಬ್ಬಳು ಮನೆಗೆ ಬಂದಿದ್ದಳು. ಒಳ್ಳೆಯ ಹೆಣ್ಣು, ಮೊಮ್ಮಗಳ ವಯಸ್ಸು, ಈ ಕಡೆಯವಳೇ. "ಅಜ್ಜಿ, ಈ ಸಲ ನೀವೊಬ್ರ ಇದ್ದೀರಿ. ದಳ ಮುಚ್ಚಬೇಕಾಗ್ತೈತ್ರಿ. ಬಾವುಟ ಇಳಿಸಿ ಒಯ್ಯಾಕ ನಾನ ಬರ್ತೀನಿ. ನೀವು ಬೇಕಾದ್ರ ಕುಂತ ಕವಾಯತಿಗೆ ಬರ್ರಿ" ಎಂದಳು. "ಕುಂತು ಮಾಡೂದಾದ್ರ ಮದುವಿ ಊಟ ಮಾಡ್ತೀನವ್ವ, ಕವಾಯತು ಯಾಕ?" ಎಂದೆ. ಅವಳು ನಕ್ಕಳು, ಆದರೆ ದಿನ ಬದಲಿಸಲಿಲ್ಲ. ಆ ದಿನ ಇವತ್ತು. ಬಾವುಟ ಏರಿಸಿ, ಕಂಬದ ಬುಡದ ಕಲ್ಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳ ಗಾಡಿಯ ಧೂಳು ಆಗಲೇ ಕಾಣುತ್ತಿದೆ.

ನಾನು ಒಂದನ್ನೇ ಕೇಳುವುದು. ಮುಂದಿನ ಭಾನುವಾರ ಸಾಹೇಬರು ನಿನ್ನ ಅಳತೆಯ ಬೂಟು ತಂದು ಕೊಡುತ್ತಾರೆ. ಬೇಡ ಎನ್ನು. ಕಾಲು ನೋಯುತ್ತದೆ, ಗೊತ್ತು. ಮುದುಕಿಯಾದ ಮೇಲೂ ನಿನ್ನ ಹಿಮ್ಮಡಿಯಲ್ಲಿ ಆ ಗುರುತಿತ್ತು, ನಾನು ಮುಟ್ಟಿ ನೋಡಿದ್ದೇನೆ. ಆದರೆ ನೀನು ಎಲ್ಲರ ಜೊತೆ ಹೆಜ್ಜೆ ಹಾಕಿಬಿಟ್ಟರೆ ಆ ಹುಡುಗರು ಯಾರಿಗಾಗಿ ಕಾಯುವುದನ್ನು ಕಲಿಯಬೇಕು? ಬೂಟಿನ ಮಾತನ್ನು ಹಿಂದೋಲೆಯವರು ಕತ್ತರಿಸಲಾರರು. ಬೂಟಿನಲ್ಲಿ ಏನಿದೆ ಎಂದುಕೊಳ್ಳುತ್ತಾರೆ.

ಇನ್ನು ನಾನು ಏಳುತ್ತೇನೆ. ಮೇಜರ್ ಬಾಯಿ ಬಾವುಟದ ಹಗ್ಗಕ್ಕೆ ಕೈ ಹಾಕುವ ಮೊದಲೇ ನಮ್ಮ ಸಾವಧಾನ್ ಕೂಗುತ್ತೇನೆ. ಅದರ ಅರ್ಥ ಅವಳಿಗೂ ಗೊತ್ತು. ಅವಳ ಅಜ್ಜಿಯೂ ಹಳ್ಳ ಉಕ್ಕಿದ ದಿನ ನಮ್ಮ ಹಗ್ಗ ಹಿಡಿದು ಸೇತುವೆ ದಾಟಿದವಳು. ಕೈ ಹಿಂದೆ ತೆಗೆದುಕೊಂಡು, ಅಜ್ಜಿ, ಇನ್ನ ಯಾರು ಬರೋದೈತ್ರಿ ಎಂದು ಕೇಳುತ್ತಾಳೆ. ನೀಲಾಂಬಿಕಾ ಎಂಬ ಹುಡುಗಿ ಬರಬೇಕು, ಬೂಟು ದೊಡ್ಡದು, ಸ್ವಲ್ಪ ತಡವಾಗುತ್ತದೆ ಎನ್ನುತ್ತೇನೆ. ಬಿಸಿಲೇರಲಿ. ಅವಳೂ ನಿಲ್ಲಲಿ. ನಿಂತರೆ ಹೇಗೂ ಇಬ್ಬರಾದೆವಲ್ಲ.

ನನ್ನ ಎಡಕ್ಕೆ ಜಾಗ ಬಿಟ್ಟಿದ್ದೇನೆ. ಓಡಿ ಬರಬೇಡ, ಬೂಟು ಕಳಚೀತು. ಸಾವಧಾನ, ನನ್ನವ್ವ, ಸಾವಧಾನ.