ನಲ್ಲಿಯ ಪಕ್ಕದ ಜೇಕು

ಜುಲೈ ೧೪, ಸೋಮವಾರ
ನರ್ಸರಿಯ ಹಿಂದಿನ ಕೋಣೆಯಿಂದ

ಅತ್ತೆಯವರಿಗೆ,

ಹೀಗೆ ಕರೆಯುವ ಹಕ್ಕು ನನಗೀಗ ಇಲ್ಲವೆಂದು ನಿಮ್ಮ ಮಗನ ವಕೀಲರು ಹೇಳಬಹುದು. ಎಂಟು ವರ್ಷ ಹಾಗೆ ಕರೆದು ರೂಢಿಯಾದ ಬಾಯಿಗೆ ಬೇರೇನೂ ತೋಚಲಿಲ್ಲ. ನೀವಂತೂ ನನ್ನನ್ನು ಏನೂ ಕರೆದಿಲ್ಲ. ಎರಡೂವರೆ ವರ್ಷದ ಮೇಲೆ ಬಂದ ಮೊದಲ ಪತ್ರ. ಹೇಗಿದ್ದೀಯ ಎಂಬ ಒಂದು ಮಾತಿಲ್ಲ, ನೇರವಾಗಿ ಹುಲ್ಲಿನಿಂದಲೇ ಶುರು. ತೋಟದ ತುಂಬ ಜೇಕು ಎದ್ದಿದೆ, ನೀನು ಅದಕ್ಕೆ ಏನು ಮಾಡುತ್ತಿದ್ದೆ, ಬರೆದು ತಿಳಿಸು.

ಓದಿ ನಕ್ಕೆ. ಪಕ್ಕದಲ್ಲಿ ಸಸಿಯ ಚೀಲಗಳಿಗೆ ಮಣ್ಣು ತುಂಬುತ್ತಿದ್ದ ಹೆಂಗಸು ಏನಾಯ್ತಕ್ಕ ಅಂದಳು. ನಮ್ಮತ್ತೆಗೆ ನನ್ನ ನೆನಪಾಗಿದೆ ಅಂದೆ. ಒಳ್ಳೇದಾಯ್ತಲ್ಲ ಬಿಡಿ ಅಂದಳು, ಪಾಪ.

ನಾನು ಏನು ಮಾಡುತ್ತಿದ್ದೆ ಎಂಬುದನ್ನು ನೀವೇ ಎಲ್ಲರೆದುರು ಹೇಳಿದ್ದೀರಿ. ನೆನಪಿಲ್ಲವೇ? ಕೋರ್ಟಿನಲ್ಲಿ, ಬೂದು ಬಣ್ಣದ ಶಾಲು ಹೊದ್ದುಕೊಂಡು, ಇವಳು ದಿನವಿಡೀ ಮಣ್ಣಲ್ಲಿ ಕೂತಿರ್ತಾಳೆ, ಮಗು ಕಡೆ ಕಣ್ಣೆತ್ತಿ ಕೂಡ ನೋಡಲ್ಲ ಅಂದಿರಿ. ನ್ಯಾಯಾಧೀಶರು ಅದನ್ನು ಬರೆದುಕೊಂಡರು. ಮಗಳು ಅಪ್ಪನ ಮನೆಯಲ್ಲಿರಲಿ, ತಾಯಿ ತಿಂಗಳಿಗೊಂದು ಭಾನುವಾರ ನೋಡಲಿ ಎಂದು ತೀರ್ಪಾಯಿತು. ನಾನು ಮಣ್ಣಲ್ಲಿ ಕೂತಿದ್ದುದು ನಿಜ. ಆದರೆ ಅದೇ ಮಣ್ಣಲ್ಲಿ, ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ, ಬುಟ್ಟಿ ಹಿಡಿದುಕೊಂಡು ನನ್ನ ಚಿನಕುರಳಿ ಮಗಳೂ ಕೂತಿರುತ್ತಿದ್ದಳು. ಆ ಅರ್ಧವನ್ನು ನೀವು ನುಂಗಿಬಿಟ್ಟಿರಿ.

ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನಾನು ಮದುವೆಯಾಗಿ ಬಂದಾಗ ಮಾವನವರ ಗುಲಾಬಿ ಪಾತಿಯಲ್ಲಿ ಗುಲಾಬಿಗಿಂತ ಜೇಕೇ ಜಾಸ್ತಿ ಇತ್ತು. ಅವರು ಪ್ರತಿದಿನ ಕಿತ್ತು ಹಾಕುತ್ತಿದ್ದರು, ಅದು ಪ್ರತಿದಿನ ಬರುತ್ತಿತ್ತು. ಜೇಕನ್ನು ಕೀಳಬಾರದು. ಜುಟ್ಟು ಹಿಡಿದು ಎಳೆದರೆ ಮೇಲಿನ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಕೂರುತ್ತದೆ. ಒಂದೊಂದು ಗಡ್ಡೆಯಿಂದಲೂ ನೂಲಿನಂಥ ಬೇರು ಹೊರಟು ಇನ್ನೊಂದು ಗಡ್ಡೆಗೆ ಸೇರಿರುತ್ತದೆ, ಮಣಿಸರದ ಹಾಗೆ. ಒಂದು ಗೇಣು ಆಚೆಯಿಂದ ಮೂರು ಹಲ್ಲಿನ ಸಣ್ಣ ಫೋರ್ಕು ಇಳಿಸಿ, ಮಣ್ಣು ಸಡಿಲ ಮಾಡಿ, ಆ ನೂಲು ಕಡಿಯದಂತೆ ಹಿಂಬಾಲಿಸಿಕೊಂಡು ಹೋಗಬೇಕು. ಮಣ್ಣನ್ನು ಜರಡಿ ಹಿಡಿಯಬೇಕು. ಸಿಕ್ಕ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಎಸೆಯದೆ, ಕಲ್ಲಿನ ಮೇಲೆ ಬಿಸಿಲಿಗೆ ಹರಡಿ, ಒಣಗಿ ಚಕ್ಕೆಯಾಗುವವರೆಗೆ ಬಿಡಬೇಕು. ಆಮೇಲೆ ಮುಂದಿನ ವಾರ ಮತ್ತೆ ಬಂದು ನೋಡಬೇಕು, ಯಾಕೆಂದರೆ ತಪ್ಪಿಸಿಕೊಂಡದ್ದು ಒಂದಾದರೂ ಇದ್ದೇ ಇರುತ್ತದೆ. ಐದಾರು ಎಲೆ ಬಿಡುವ ಮೊದಲೇ ಅದನ್ನು ತೆಗೆದರೆ ಹೊಸ ಗಡ್ಡೆ ಕಟ್ಟುವುದಿಲ್ಲ. ಹೀಗೆ ಪ್ರತಿ ವಾರ, ಎರಡು ಮೂರು ವರ್ಷ.

ಇಷ್ಟೇ ನನ್ನ ವಿದ್ಯೆ. ಆ ತೋಟ ಮೂರು ವರ್ಷಕ್ಕೆ ಹದಕ್ಕೆ ಬಂತು. ಮತ್ತೆ ನಾಲ್ಕು ವರ್ಷ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಮನೆಗೆ ಬಂದವರೆಲ್ಲ ಎಷ್ಟು ಚೊಕ್ಕವಾಗಿದೆ ಎಂದು ಹೊಗಳುವಾಗ ನೀವು, ನಮ್ಮ ಮಣ್ಣೇ ಹಾಗೆ ಅನ್ನುತ್ತಿದ್ದಿರಿ. ನಾನು ಉಗುರಿನ ಸಂದಿಯ ಕಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾಫಿ ತರುತ್ತಿದ್ದೆ.

ನಿಮ್ಮ ಪತ್ರದ ಪ್ರಕಾರ ಮೂವರು ಮಾಲಿಗಳು ಬಂದು ಹೋದರು. ಔಷಧಿ ಹೊಡೆಸಿದ್ದಕ್ಕೆ ಗುಲಾಬಿ ಸುಟ್ಟುಹೋಯಿತು, ಜೇಕು ಮೂರೇ ವಾರಕ್ಕೆ ಮತ್ತೆ ಚಿಗುರಿತು. ಕಪ್ಪು ಪ್ಲಾಸ್ಟಿಕ್ ಹಾಸಿದರೆ ಸೂಜಿಯಂತೆ ತೂರಿಕೊಂಡು ಬಂತು. ಬಂದೇ ಬರುತ್ತದೆ ಅತ್ತೆ, ಅದರ ಗುಣವೇ ಅದು. ಮಾವನವರು ಇದ್ದಾಗ ಕೈಯಾರೆ ನೆಟ್ಟ ಗಿಡಗಳಲ್ಲಿ ನಾಲ್ಕೇ ಉಳಿದಿವೆ ಎಂದು ಬರೆದಿದ್ದೀರಿ. ಆ ಸಾಲಿನಲ್ಲಿ ಶಾಯಿ ಹರಡಿತ್ತು. ಅತ್ತಿರಬೇಕು. ನನಗೆ ಅಯ್ಯೋ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ, ಸಂಕಟವಾಯಿತು ಎಂದರೆ ಅದೂ ಪೂರ್ತಿ ನಿಜವಲ್ಲ.

ಇದಕ್ಕೆ ಅವಳೇ ಸರಿ, ಅವಳನ್ನೇ ಕರೆಸಬೇಕು ಎಂದು ಮನೆಯಲ್ಲಿ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದೇನೆ ಎಂದೂ ಬರೆದಿದ್ದೀರಿ. ಹೊಗಳಿಕೆ ಎಂದುಕೊಂಡೆ. ಅದರ ಕೆಳಗಿನ ಸಾಲಿನಲ್ಲೇ ಹೊಟ್ಟೆಯಲ್ಲಿದ್ದುದು ಹೊರಗೆ ಬಂತು: ನಲ್ಲಿಯ ಪಕ್ಕ ಮೊದಲು ಒಂದು ಎಳೆಯೂ ಇರಲಿಲ್ಲ, ಈಗ ಅಲ್ಲೇ ಎಲ್ಲಕ್ಕಿಂತ ದಟ್ಟವಾಗಿದೆ, ಹೋಗುವಾಗ ನೀನೇ ಗಡ್ಡೆ ಊರಿ ಹೋಗಿರಬೇಕು.

ಇಲ್ಲ. ನಾನು ಊರಲಿಲ್ಲ. ನನ್ನ ತಪ್ಪು ಬೇರೆಯೇ ಇದೆ, ಇವತ್ತು ಹೇಳಿಬಿಡುತ್ತೇನೆ. ನಾನು ಮನೆ ಬಿಟ್ಟ ದಿನ ಬೆಳಿಗ್ಗೆ ತೋಟಕ್ಕೆ ನೆಲ ಅಗೆಯುವ ಟಿಲ್ಲರ್ ಬಂದಿತ್ತು. ಗುಲಾಬಿ ಗಿಡಗಳನ್ನು ಬಿಟ್ಟು ಉಳಿದದ್ದೆಲ್ಲ ಅಗೆದು ಸಮ ಮಾಡಿ ಹುಲ್ಲುಹಾಸು ಹಾಕಿಸಬೇಕೆಂದು ನಿಮ್ಮ ಮಗನಿಗೆ ಅವಸರ. ನಾನು ಸೂಟ್‌ಕೇಸ್ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಪಾತಿಯ ಅಡಿಯಲ್ಲಿ, ಬೇಲಿಯ ಬುಡದಲ್ಲಿ ಇನ್ನೂ ಕೆಲವು ಗಡ್ಡೆ ಉಳಿದಿವೆ, ಟಿಲ್ಲರ್ ಹಾಯಿಸಿದರೆ ಬೇರು ತುಂಡು ತುಂಡಾಗಿ ತೋಟದ ತುಂಬ ಹರಡುತ್ತದೆ, ಒಂದೊಂದು ಗಡ್ಡೆಯೂ ಒಂದೊಂದು ಗಿಡವಾಗುತ್ತದೆ ಎಂದು ನನಗೆ ಗೊತ್ತಿತ್ತು. ನಿಲ್ಲಿಸಿ ಅಂದಿದ್ದರೆ ಸಾಕಿತ್ತು. ಬಾಯಿಗೆ ಬೀಗ ಹಾಕಿಕೊಂಡೆ. ಯಂತ್ರ ಎರಡು ಸುತ್ತು ಹೊಡೆಯುವುದನ್ನು ನೋಡಿಯೇ ಆಟೋ ಹತ್ತಿದೆ. ಮೇಲಿನ ಕಿಟಕಿಯಲ್ಲಿ ಮಗಳು ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ನಾನು ನೋಡಿದ್ದು ಟಿಲ್ಲರನ್ನು. ಅದೊಂದನ್ನು ನನಗೆ ನಾನೇ ಕ್ಷಮಿಸಿಕೊಳ್ಳಲು ಆಗಿಲ್ಲ.

ಆದರೆ ನಲ್ಲಿಯ ಮೂಲೆಗೆ ಟಿಲ್ಲರ್ ತೂರುವುದಿಲ್ಲ. ಅಲ್ಲಿ ಹೇಗೆ ಬಂತು ಎಂದರೆ ನನಗೂ ಗೊತ್ತಿಲ್ಲ.

ಈಗ ನನ್ನ ಮಾತು ಕೇಳಿ. ಇಷ್ಟು ವಿವರ ಬರೆದುಕೊಟ್ಟರೂ ಯಾವ ಮಾಲಿಯೂ ಇದನ್ನು ಮಾಡುವುದಿಲ್ಲ. ಎರಡು ವಾರ ಮಾಡಿ ಕೈಚೆಲ್ಲುತ್ತಾನೆ. ನಾನೇ ಬರುತ್ತೇನೆ. ಭಾನುವಾರ ನರ್ಸರಿಗೆ ರಜೆ. ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ, ತೋಟ ಚೊಕ್ಕವಾಗುವ ತನಕ. ಕೂಲಿ ಬೇಡ, ಕಾಫಿಯೂ ಬೇಡ, ಮನೆಯೊಳಗೆ ಕಾಲಿಡುವುದಿಲ್ಲ. ಮಗಳು ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದು ಕೂರಬೇಕು, ಅಷ್ಟೇ.

ಕೋರ್ಟು ಕೊಟ್ಟ ಭಾನುವಾರಗಳಲ್ಲಿ ಈ ಎರಡೂವರೆ ವರ್ಷಕ್ಕೆ ನನಗೆ ಸಿಕ್ಕಿದ್ದು ನಾಲ್ಕು. ಉಳಿದವೆಲ್ಲ ತಪ್ಪಿಹೋದವು: ಒಮ್ಮೆ ಅವಳಿಗೆ ಜ್ವರ, ಒಮ್ಮೆ ಪರೀಕ್ಷೆ, ಒಮ್ಮೆ ಮನೆಗೆ ನೆಂಟರು, ಒಮ್ಮೆ ನಿಮಗೇ ಮಂಡಿನೋವು. ಇನ್ನು ಮೇಲೆ ಜ್ವರವಿದ್ದರೂ ಚಿಂತೆಯಿಲ್ಲ. ಅವಳು ಕಿಟಕಿಯಲ್ಲಿ ನಿಲ್ಲಲಿ, ನಾನು ಕೆಳಗೆ ಕೆಲಸ ಮಾಡಿಕೊಂಡಿರುತ್ತೇನೆ. ಈ ಸಲ ಮೇಲೆ ನೋಡುತ್ತೇನೆ. ಒಪ್ಪಿಗೆಯಿದ್ದರೆ ಎರಡು ಸಾಲು ಬರೆಯಿರಿ. ಇಲ್ಲವಾದರೆ ಆ ನಾಲ್ಕು ಗುಲಾಬಿಗಳನ್ನು ಕುಂಡಕ್ಕೆ ಎತ್ತಿಡಿ. ಬೇರು ತೊಳೆದು ನೆಡಿ, ಹಳೆ ಮಣ್ಣು ಒಂದು ಚೂರೂ ಬೇಡ.

ಇತಿ,
ನಿಮ್ಮ ಮೊಮ್ಮಗಳ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಮಗಳ ಬಗ್ಗೆ ನೀವು ಬರೆದಿರುವುದು ಒಂದೇ ಸಾಲು, ಅದೂ ತಮಾಷೆಗೆ. ಪೆದ್ದು ಹುಡುಗಿ, ಹೂವಿನ ಗಿಡ ಅಂದುಕೊಂಡು ನಲ್ಲಿಯ ಪಕ್ಕದ ಜೇಕಿಗೆ ದಿನಾ ಸಂಜೆ ಮಗ್‌ನಲ್ಲಿ ನೀರು ಹಾಕ್ತಾಳೆ ಎಂದು. ಮೊದಲ ಸಲ ಆ ಸಾಲನ್ನು ಹಾಗೇ ದಾಟಿಬಿಟ್ಟಿದ್ದೆ.

ಅತ್ತೆ, ಅವಳಿಗೆ ಜೇಕು ಗೊತ್ತು. ನಾಲ್ಕು ವರ್ಷದವಳಿದ್ದಾಗಲೇ ಕಲಿಸಿದ್ದೆ: ಬೇರೆ ಹುಲ್ಲಿನ ಕಡ್ಡಿ ದುಂಡು, ಜೇಕಿನದು ಮೂರು ಅಂಚು. ಬೆರಳಲ್ಲಿ ಹೊರಳಿಸಿ ನೋಡಿ, ಅಮ್ಮಾ ಇಲ್ಲೊಂದು ಕಳ್ಳ ಎಂದು ಕೂಗುತ್ತಿದ್ದಳು. ಈಗ ಒಂಬತ್ತು ವರ್ಷ. ಹೂವಿನ ಗಿಡ ಅಂದುಕೊಳ್ಳುವಷ್ಟು ಪೆದ್ದಲ್ಲ. ದಿನಕ್ಕೆ ಹತ್ತು ಸಲ ಅವಳನ್ನೇ ಕರೆಸಬೇಕು ಎಂದು ಗೊಣಗಿದವರು ನೀವು. ಕೇಳಿಸಿಕೊಂಡವರು ಯಾರು ಎಂದು ಯೋಚನೆ ಮಾಡಿ.

ಮೇಲೆ ಬರೆದದ್ದನ್ನು ಹೊಡೆದುಹಾಕಿ. ನಲ್ಲಿಯ ಪಕ್ಕ ಗಡ್ಡೆ ಊರಿದ್ದು ನಾನೇ, ಹೋಗುವಾಗ, ಬೇಕೆಂದೇ. ನಿಮ್ಮ ಮಗ ಕೇಳಿದರೂ ಹಾಗೇ ಹೇಳಿ, ಬೇಕಿದ್ದರೆ ಈ ಸಾಲನ್ನಷ್ಟೇ ಹರಿದು ತೋರಿಸಿ. ಅವಳನ್ನು ಬೈಯಬೇಡಿ. ಆ ಮಗ್ ಅವಳ ಹತ್ತಿರವೇ ಇರಲಿ.