ಬಣ್ಣ ಹಚ್ಚಿದ ಹಿಡಿ ಅಕ್ಕಿ

ಅವ್ವಾ,

ನಿನ್ನ ಹಿಡಿ ಅಕ್ಕಿಯ ಡಬ್ಬಿ ಈಗಲೂ ನನ್ನ ಒಲೆಯ ಪಕ್ಕದಲ್ಲೇ ಇದೆ. ಡೊಂಬಿವಲಿಯ ಚಾಳಿನ ನಮ್ಮ ಒಂದೇ ಕೋಣೆಯಲ್ಲಿ ನೀನು ಅಡುಗೆಗೆ ಅಕ್ಕಿ ತೆಗೆದಾಗಲೆಲ್ಲ ಒಂದು ಹಿಡಿ ಅದಕ್ಕೆ ಹಾಕುತ್ತಿದ್ದೆ. ರೇಶನ್ ಅಕ್ಕಿ ನಮಗೇ ಸಾಲದ ವಾರದಲ್ಲೂ! "ನಮಗ ಇಲ್ಲ, ಇದ್ಯಾಕಬೇ?" ಎಂದು ನಾನು ರೇಗಿದರೆ, "ಅದು ನಮ್ದಲ್ಲ, ಹಸದವ್ರದು. ಸುಮ್ನಿರು" ಅನ್ನುತ್ತಿದ್ದೆ. ಭಾನುವಾರ, ಶಾಲೆಯೊಂದರ ಕೋಣೆಯಲ್ಲಿ ನಮ್ಮ ಸಭೆಯ ಆರಾಧನೆ ಮುಗಿದ ಮೇಲೆ ಎಲ್ಲರ ಹಿಡಿ ಅಕ್ಕಿ ಒಂದೇ ಚೀಲ ಸೇರಿ, ಬೇಕಾದ ಮನೆಗೆ ಸದ್ದಿಲ್ಲದೆ ಹೋಗುತ್ತಿತ್ತು.

ಈಗ ನಾವು ಆರಾಧನೆಗೆ ವಾಶಿಯ ದೊಡ್ಡ ಹಾಲಿಗೆ ಹೋಗುತ್ತೇವೆ. ಆಳೆತ್ತರದ ಸ್ಪೀಕರುಗಳು, ಬಾಗಿಲಲ್ಲೇ ಕ್ಯಾಸೆಟ್ ಅಂಗಡಿ. ಸಾಕ್ಷಿ ಹೇಳುವವರು ಫ್ರಿಜ್ ಬಂತು, ಸ್ಕೂಟರ್ ಬಂತು ಎಂದು ದೇವರನ್ನು ಕೊಂಡಾಡುತ್ತಾರೆ. ನಾನೂ ಎದ್ದು ನಿಂತು ಕಲರ್ ಟಿವಿಗಾಗಿ ಸ್ತೋತ್ರ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ನೀನಿದ್ದಿದ್ದರೆ ನನ್ನ ಸೆರಗು ಹಿಡಿದು ಕೂರಿಸುತ್ತಿದ್ದೆಯೋ ಏನೋ...

ಮೊನ್ನೆ ಸುಗ್ಗಿ ಹಬ್ಬವಿತ್ತು. ವಿಡಿಯೋದವರು ಬರುತ್ತಾರೆ, ವೇದಿಕೆ ಕಳೆಕಳೆಯಾಗಿರಲಿ ಎಂದರು ಪಾಸ್ಟರ್. ಅಕ್ಕಿಗೆ ಬಣ್ಣ ಹಚ್ಚಿ ದೊಡ್ಡ ಶಿಲುಬೆ ಬಿಡಿಸೋಣ ಎಂದವಳು ನಾನೇ. ಹಳೆಯ ಹೆಂಗಸರು ಇನ್ನೂ ತರುವ ಹಿಡಿ ಅಕ್ಕಿ ಮೂಲೆಯಲ್ಲಿತ್ತು. ಅಷ್ಟನ್ನೂ ರಂಗೋಲಿ ಬಣ್ಣದಲ್ಲಿ ಕಲಸಿದೆ, ನಿನ್ನ ಡಬ್ಬಿಯಲ್ಲಿ ನಾನು ಕೂಡಿಟ್ಟಿದ್ದನ್ನೂ ತಂದು ಸುರಿದೆ. ಅದು ಯಾರ ಅಕ್ಕಿ ಎಂದು ನೆನಪಾಗಲಿಲ್ಲವೇ? ಇಲ್ಲ ಅವ್ವಾ. ಚಂದ ಕಾಣುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಎಲ್ಲ ಮುಗಿದು ವೇದಿಕೆ ಗುಡಿಸುವಾಗ ಸುಶೀಲಾ ಚೀಲ ಹಿಡಿದು ಬಂದಳು. ನೆನಪಿದೆಯಾ, ನಮ್ಮ ಚಾಳಿನ ಕೊನೆಯ ಖೋಲಿಯವಳು? ಅವಳ ಗಂಡ ದುಡಿಯುತ್ತಿದ್ದ ಭಿವಂಡಿಯ ಮಗ್ಗಗಳು ನಿಂತಿವೆ. ಬಸ್ಸು ಬದಲಿಸಿ ಅಷ್ಟು ದೂರದಿಂದ ಹಿಡಿ ಅಕ್ಕಿಗೆಂದೇ ಬಂದಿದ್ದಳು. ಕೆಂಪು, ಹಸಿರು ರಾಶಿ ನೋಡಿದಳು. ಬೈಯಲಿಲ್ಲ. ಬಗ್ಗಿ ಒಂದಿಷ್ಟು ಎತ್ತಿ, ಅಂಗೈಯಲ್ಲಿ ತಿಕ್ಕಿ, "ಅಕ್ಕಾರ, ತೊಳದ್ರ ಬಣ್ಣ ಹೋಗತೈತೇನ್ರಿ?" ಅಂದಳು.

ನಾಚಿಕೆಯಿಂದ ಸತ್ತೇ ಹೋದೆ. ಅವಳನ್ನು ಮನೆಗೆ ಕರೆತಂದು ನಮ್ಮ ಅಕ್ಕಿಯನ್ನೇ ಚೀಲಕ್ಕೆ ತುಂಬಿದೆ. ಅವಳು ಹೋದ ಮೇಲೆ, ವೇದಿಕೆಯಿಂದ ಜೊತೆಗೆ ತಂದಿದ್ದ ಬಣ್ಣದ ಅಕ್ಕಿಯನ್ನು ತೊಳೆದೆ, ತೊಳೆದೆ. ನೀರು ಕೆಂಪಾಗುತ್ತಲೇ ಇತ್ತು.

ಬರುವ ಭಾನುವಾರ ಮತ್ತೆ ಸಾಕ್ಷಿಗೆ ಎದ್ದು ನಿಲ್ಲುತ್ತೇನೆ ಅವ್ವಾ. ಈ ಅಕ್ಕಿಯನ್ನು ಕೈಯಲ್ಲಿ ಹಿಡಿದು, ಸುಶೀಲಾ ಕೇಳಿದ್ದನ್ನೇ ಮೈಕಿನಲ್ಲಿ ಕೇಳುತ್ತೇನೆ. ಈ ಸಲ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಿನ್ನ ಮಗಳು